ಎತ್ತುವ ತೂಕವನ್ನು ನೋಡಿ ದೇಹದಾರ್ಢ್ಯದ ತಿಳಿವಳಿಕೆಯನ್ನೂ ಬೆಳವಣಿಗೆಯನ್ನೂ ಅಳೆಯಬಹುದೇ?

ಕೆಂಪುಮಟ್ಟಿ, ಮೈಸೂರು:

ಕಳೆದ ಭಾನುವಾರ ಸಂಜೆ ನಾನು ತರಬೇತಿ ಕೊಡುವ ಜಿಮ್‌ನಲ್ಲಿ ನಡೆದ ಒಂದು ಮಾತುಕತೆ ಇನ್ನೂ ಮನಸ್ಸಿನಲ್ಲಿ ಕುಳಿತಿದೆ. ಐವತ್ತು ದಾಟಿದ ಹಿರಿಯರೊಬ್ಬರು, ತಮ್ಮ ಕಾಲದಲ್ಲಿ ದಸರಾ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ ಹತ್ತಿದವರು, ಬೆಂಚ್ ಪ್ರೆಸ್ (ಮಲಗಿಕೊಂಡು ಬಾರನ್ನು ಎದೆಯಿಂದ ಮೇಲಕ್ಕೆತ್ತುವುದು) ಮಾಡುತ್ತಿದ್ದ ಹುಡುಗನ ಹತ್ತಿರ ಹೋಗಿ, "ಮೊಣಕೈಯನ್ನು ಅಷ್ಟು ಅಗಲಿಸಬೇಡಪ್ಪ, ಭುಜಕ್ಕೆ ಪೆಟ್ಟಾಗುತ್ತದೆ, ಬಾರನ್ನು ಎದೆಯ ಕೆಳಭಾಗಕ್ಕೆ ತಂದು ನೋಡು" ಎಂದರು. ಹುಡುಗ ಎದ್ದು ಕುಳಿತು, "ಅಂಕಲ್, ನೀವು ಎಷ್ಟು ಹೊಡೀತೀರಾ?" ಎಂದು ಕೇಳಿದ. ಹಿರಿಯರು "ಈಗ ಐವತ್ತು ಕಿಲೋ" ಎಂದರು. ಹುಡುಗನ ಬಾರ್ ಮೇಲೆ 110 ಇತ್ತು. ಅವನು ನಕ್ಕು ಮತ್ತೆ ಮಲಗಿದ, ಮೊಣಕೈ ಮೊದಲಿನಂತೆಯೇ ಅಗಲವಾಗಿತ್ತು. ಹಿರಿಯರು ತಮ್ಮ ಟವೆಲ್ ಎತ್ತಿಕೊಂಡು ಸುಮ್ಮನೆ ಪಕ್ಕಕ್ಕೆ ಹೋದರು.

"ನೀವು ಎಷ್ಟು ಹೊಡೀತೀರಾ" ಎಂಬ ಈ ಪ್ರಶ್ನೆ ನಮ್ಮ ಎಲ್ಲ ಜಿಮ್‌ಗಳಲ್ಲೂ ಕೇಳಿಬರುತ್ತದೆ. ಇದನ್ನು ಕೇಳುವವರು ಎರಡು ಬೇರೆಬೇರೆ ವಿಷಯಗಳನ್ನು ಒಂದೇ ಉತ್ತರದಿಂದ ತೀರ್ಮಾನಿಸಿಬಿಡುತ್ತಾರೆ ಎಂಬುದು ನನ್ನ ಆಕ್ಷೇಪ. ಒಬ್ಬ ವ್ಯಕ್ತಿಯ ಮೈ ಬೆಳೆದಿದೆಯೇ ಇಲ್ಲವೇ ಎಂಬುದು ಒಂದು ವಿಷಯವಾದರೆ, ಮೈ ಬೆಳೆಸುವ ವಿದ್ಯೆ ಆ ವ್ಯಕ್ತಿಗೆ ತಿಳಿದಿದೆಯೇ ಎಂಬುದು ಇನ್ನೊಂದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬನೇ ವ್ಯಕ್ತಿಯ ಹಿಂದಿನ ತೂಕವನ್ನೂ ಇಂದಿನ ತೂಕವನ್ನೂ, ಅದೇ ವ್ಯಾಯಾಮದಲ್ಲಿ, ಅದೇ ಕ್ರಮದಲ್ಲಿ ಹೋಲಿಸಿದರೆ ಆ ಸಂಖ್ಯೆಗೆ ಬಹಳ ಬೆಲೆಯಿದೆ. ಇಬ್ಬರ ನಡುವೆ ಇಟ್ಟು ಹೋಲಿಸಿದ ಕ್ಷಣದಲ್ಲಿ ಆ ಬೆಲೆಯ ಬಹುಪಾಲು ಹೋಗಿಬಿಡುತ್ತದೆ. ತಿಳಿವಳಿಕೆಯನ್ನು ಅಳೆಯಲಂತೂ ಆ ಸಂಖ್ಯೆ ಕೆಲಸಕ್ಕೇ ಬರುವುದಿಲ್ಲ. ನಾನು ಗರಡಿಯಲ್ಲಿ ಬೆಳೆದವನು, ಶಕ್ತಿಯ ಮೇಲೆ ನನಗೆ ಅಪಾರ ಗೌರವವಿದೆ, ಅದಕ್ಕೇ ಅದನ್ನು ತಪ್ಪು ಜಾಗದಲ್ಲಿ ಬಳಸುವುದನ್ನು ನೋಡಿದರೆ ಸಂಕಟವಾಗುತ್ತದೆ. ನಿಮ್ಮೆಲ್ಲರ ಅಭಿಪ್ರಾಯ ತಿಳಿಯಬೇಕೆಂದಿದ್ದೇನೆ.

ಕಡಲತಡಿ ಕಬ್ಬಿಣ, ಕುಂದಾಪುರ:

ಮೈಸೂರಿನ ಅಣ್ಣನವರಿಗೆ ನಮಸ್ಕಾರ. ನಾನು ಹತ್ತು ವರ್ಷಗಳಿಂದ ಪವರ್‌ಲಿಫ್ಟಿಂಗ್ (ಒಂದೇ ಸಲಕ್ಕೆ ಗರಿಷ್ಠ ಭಾರ ಎತ್ತುವ ಸ್ಪರ್ಧೆ) ಮಾಡುತ್ತಿರುವವನು, ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇದ್ದರೆ ತಿದ್ದಿ. ನಿಮ್ಮ ಹುಡುಗನ ವರ್ತನೆ ತಪ್ಪು, ಹಿರಿಯರೊಡನೆ ಹಾಗೆ ಮಾತನಾಡಬಾರದಿತ್ತು. ಆದರೆ ಅವನ ಪ್ರಶ್ನೆಯ ಹಿಂದೆ ಒಂದು ನ್ಯಾಯವಾದ ಸಂದೇಹವಿದೆ, ಅದನ್ನು ನೀವು ಬೇಗ ತಳ್ಳಿಹಾಕಿದಿರಿ ಎಂದು ನನಗೆ ಅನಿಸಿತು.

ದೇಹದಾರ್ಢ್ಯದಲ್ಲಿ ಮೋಸ ಮಾಡಲಾಗದ ಅಳತೆ ಯಾವುದಿದೆ ಹೇಳಿ. ಫೋಟೋ ಬೆಳಕಿನ ಮೇಲೆ ನಿಂತಿದೆ, ಕನ್ನಡಿ ಪಂಪ್‌ನ ಮೇಲೆ, ಎಂದರೆ ವ್ಯಾಯಾಮದ ನಂತರದ ತಾತ್ಕಾಲಿಕ ಉಬ್ಬಿನ ಮೇಲೆ ನಿಂತಿದೆ, ಟೇಪನ್ನು ಎರಡು ಬೆರಳು ಕೆಳಗೆ ಹಿಡಿದರೆ ತೋಳು ಅರ್ಧ ಇಂಚು ಬೆಳೆಯುತ್ತದೆ, ತಕ್ಕಡಿಯ ಮೇಲಿನ ತೂಕದಲ್ಲಿ ನೀರೆಷ್ಟು, ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಬಾರ್ ಮೇಲಿನ ತೂಕ ಮಾತ್ರ ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ನಮ್ಮ ತಾಲ್ಲೂಕಿನವರೇ ಆದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದಾಗ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಗೆದ್ದಾಗ, ಅದರ ಬಗ್ಗೆ ಎರಡು ಮಾತಿರಲಿಲ್ಲ. ಅಂಥ ಸ್ಪಷ್ಟತೆಯನ್ನು ದೇಹದಾರ್ಢ್ಯದವರು ಕೀಳಾಗಿ ಕಾಣಬಾರದು.

ಇನ್ನು ತಿಳಿವಳಿಕೆಯ ಮಾತು. ಕೆಲವೇ ವಾರಗಳ ಕೋರ್ಸ್ ಮುಗಿಸಿ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿಕೊಂಡ ತರಬೇತುದಾರರು ಈಗ ಪ್ರತಿ ಬೀದಿಯಲ್ಲಿದ್ದಾರೆ. ಐದಾರು ವರ್ಷಗಳ ಹಿಂದೆ ಅಂಥವರೊಬ್ಬರು ನನಗೆ ಡೆಡ್‌ಲಿಫ್ಟ್‌ನಲ್ಲಿ (ನೆಲದ ಮೇಲಿನ ಬಾರನ್ನು ಎತ್ತಿ ನಿಲ್ಲುವುದು) ಸೊಂಟವನ್ನು ಸ್ಕ್ವಾಟ್‌ನಷ್ಟು (ಬಾರನ್ನು ಹೆಗಲ ಮೇಲೆ ಹೊತ್ತು ಕುಳಿತು ಏಳುವುದು) ಕೆಳಕ್ಕೆ ಇಳಿಸಿ ಎತ್ತು ಎಂದು ಹಟ ಹಿಡಿದು ಹೇಳಿಕೊಟ್ಟರು. ಹಾಗೆ ಮಾಡಿದಾಗ ಬಾರ್ ಕಾಲಿನಿಂದ ಮುಂದಕ್ಕೆ ಜಾರುತ್ತಿತ್ತು, ಪ್ರತಿ ಸಲವೂ ನಡು ಮಾತ್ರ ಹೊರೆ ಹೊರುತ್ತಿತ್ತು. ಎರಡು ತಿಂಗಳು ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾಗದಂತೆ ಮಲಗಿದೆ. ಆಮೇಲೆ ತಿಳಿಯಿತು, ಅವರು ತಮ್ಮ ಜೀವನದಲ್ಲಿ ನೂರು ಕಿಲೋವನ್ನು ನೆಲದಿಂದ ಎತ್ತಿದವರೇ ಅಲ್ಲ. ಎತ್ತಿದ್ದರೆ ಬಾರ್ ಮುಂದೆ ಜಾರುವುದು ಏನೆಂದು ಅವರ ಮೈಗೇ ಗೊತ್ತಿರುತ್ತಿತ್ತು. ಮೈಗೆ ಗೊತ್ತಿಲ್ಲದ್ದನ್ನು ಬಾಯಿ ಹೇಗೆ ಕಲಿಸೀತು?

ತುಂಗೆ, ಹೊಸಪೇಟೆ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಜಿಮ್ ಸೇರಿ ನಾಲ್ಕು ತಿಂಗಳಾಯಿತು. ಐದು ಅಡಿ ಎತ್ತರ, 48 ಕೆ.ಜಿ. ತೂಕ. ಮೊದಲ ಎರಡು ತಿಂಗಳಲ್ಲಿ ನನ್ನ ಸ್ಕ್ವಾಟ್ ಬರಿಯ ಬಾರ್‌ನಿಂದ 40 ಕೆ.ಜಿ.ಗೆ ಹೋಯಿತು, ಎಲ್ಲರೂ ಹೊಗಳಿದರು, ಆದರೆ ತೊಡೆಯ ಅಳತೆ ಒಂದು ಎಳೆಯೂ ಬದಲಾಗಲಿಲ್ಲ. ಈಗ ಎರಡು ತಿಂಗಳಿಂದ ಎತ್ತುವ ತೂಕ ಹೆಚ್ಚಾಗುತ್ತಲೇ ಇಲ್ಲ, ಆದರೆ ಚೂಡಿದಾರದ ಪ್ಯಾಂಟ್ ತೊಡೆಯಲ್ಲಿ ಬಿಗಿಯಾಗುತ್ತಿದೆ. ನಾನು ಬೆಳೆಯುತ್ತಿದ್ದೇನೋ ಇಲ್ಲವೋ ನನಗೆ ಅರ್ಥವಾಗುತ್ತಿಲ್ಲ. ಅಣ್ಣಂದಿರು ದಯವಿಟ್ಟು ಹೇಳಿ.

ಕೆಂಪುಮಟ್ಟಿ, ಮೈಸೂರು:

ತುಂಗೆ, ನಿನ್ನ ಪ್ರಶ್ನೆಯಲ್ಲಿಯೇ ಈ ಚರ್ಚೆಯ ತಿರುಳಿದೆಯಮ್ಮ. ಹೊಸದಾಗಿ ಕಬ್ಬಿಣ ಹಿಡಿದವರಲ್ಲಿ ಮೊದಲ ವಾರಗಳ ಶಕ್ತಿಯ ಏರಿಕೆ ಬಹುಪಾಲು ನರಮಂಡಲದ ಕಲಿಕೆ. ಇರುವ ಸ್ನಾಯುವಿನ ಹೆಚ್ಚು ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆಯುವುದನ್ನು, ಎದುರು ಸ್ನಾಯುಗಳನ್ನು ಸಡಿಲ ಬಿಡುವುದನ್ನು, ಬಾರಿನ ಕೆಳಗೆ ತೂಗಾಡದೆ ನಿಲ್ಲುವುದನ್ನು ದೇಹ ಕಲಿಯುತ್ತದೆ. ಸೈಕಲ್ ಕಲಿತವನ ಕಾಲು ಒಂದೇ ವಾರದಲ್ಲಿ ದಪ್ಪವಾಗಿರುವುದಿಲ್ಲವಷ್ಟೆ. ಮಾಂಸಖಂಡ ಕಣ್ಣಿಗೆ ಕಾಣುವಂತೆ ಬೆಳೆಯುವುದು ಆಮೇಲೆ, ಬಹಳ ನಿಧಾನವಾಗಿ. ಹಾಗಾಗಿ ನಿನ್ನ ಮೊದಲ ಎರಡು ತಿಂಗಳು ಕಲಿಕೆಯ ಕಾಲ, ಪ್ಯಾಂಟ್ ಬಿಗಿಯಾಗುತ್ತಿರುವ ಈ ಎರಡು ತಿಂಗಳು ಬೆಳವಣಿಗೆಯ ಕಾಲ ಎಂದು ನನಗೆ ತೋರುತ್ತದೆ. ಸೊಂಟದ ಅಳತೆಯೂ ಜೊತೆಗೇ ಏರಿದೆಯೇ ಎಂಬುದನ್ನು ಮಾತ್ರ ನೋಡಿಕೊ. ಅದೂ ಏರಿದ್ದರೆ ಊಟದ ಲೆಕ್ಕ ಬೇರೆ.

ಕುಂದಾಪುರದ ತಮ್ಮನಿಗೆ: ನಿನ್ನ ನಡುವಿಗಾದ ಪೆಟ್ಟು ಓದಿ ಬೇಸರವಾಯಿತು. ಆದರೆ ಗುರುರಾಜ ಪೂಜಾರಿಯವರ ಉದಾಹರಣೆ ನನ್ನ ಕಡೆಗೇ ವಾಲುತ್ತದೆ. ಗೋಲ್ಡ್ ಕೋಸ್ಟ್‌ನಲ್ಲಿ ಅವರು ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಬಾರನ್ನು ನೆಲದಿಂದ ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವುದು) 138 ಕೆ.ಜಿ. ಎತ್ತಿದರು, ಎಂದರೆ ತಮ್ಮ ತೂಕದ ಎರಡೂವರೆ ಪಟ್ಟಿಗೆ ಹತ್ತಿರ. 55 ಕೆ.ಜಿ. ವಿಭಾಗದ ಯಾವ ದೇಹದಾರ್ಢ್ಯ ಪಟುವೂ ಅದರ ಹತ್ತಿರಕ್ಕೆ ಸುಳಿಯಲಾರ. ಹಾಗೆಂದು ಆ ಪಟುಗಳ ಎದೆ, ತೋಳು, ಬೆನ್ನು ಬೆಳೆದಿಲ್ಲವೆಂದು ಯಾರಾದರೂ ಹೇಳುತ್ತಾರೆಯೇ? ಅದು ಬೇರೆ ವಿದ್ಯೆ, ಇದು ಬೇರೆ ವಿದ್ಯೆ.

ಇದಕ್ಕಿಂತ ನೇರವಾದ ಸಾಕ್ಷಿಯೊಂದು ಜರ್ಮನಿಯಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಸ್ಕ್ವಾಟ್ ಪಂದ್ಯ. ಒಂದು ಕಡೆ ಅಮೆರಿಕದ ಫ್ರೆಡ್ ಹ್ಯಾಟ್‌ಫೀಲ್ಡ್. ಅವರು 1987ರಲ್ಲಿ, ತಮ್ಮ 45ನೆಯ ವಯಸ್ಸಿನಲ್ಲಿ, 1,014 ಪೌಂಡ್, ಎಂದರೆ 460 ಕೆ.ಜಿ. ಸ್ಕ್ವಾಟ್ ಮಾಡಿದ್ದ ಪವರ್‌ಲಿಫ್ಟರ್, ಜೊತೆಗೆ ಡಾಕ್ಟರೇಟ್ ಪಡೆದ ವಿದ್ವಾಂಸರು. ಇನ್ನೊಂದು ಕಡೆ ಟಾಮ್ ಪ್ಲಾಟ್ಜ್. ಇವರು ದೇಹದಾರ್ಢ್ಯದ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾದಲ್ಲಿ 1981ರಲ್ಲಿ ಮೂರನೆಯ ಸ್ಥಾನ ಪಡೆದವರು, ಇವರ ತೊಡೆಗಳನ್ನು ಇಂದಿಗೂ ದೇಹದಾರ್ಢ್ಯ ಲೋಕ ಮಾದರಿಯಾಗಿ ತೋರಿಸುತ್ತದೆ. ಒಂದೇ ಸಲ ಎಷ್ಟು ಎತ್ತಬಲ್ಲಿರಿ ಎಂಬ ಪಂದ್ಯದಲ್ಲಿ ಹ್ಯಾಟ್‌ಫೀಲ್ಡ್ ಸುಲಭವಾಗಿ ಗೆದ್ದರು. ಆಮೇಲೆ ಇಬ್ಬರಿಗೂ 525 ಪೌಂಡ್, ಎಂದರೆ ಸುಮಾರು 238 ಕೆ.ಜಿ. ಹೊರಿಸಿ, ಎಷ್ಟು ಸಲ ಏಳುತ್ತೀರಿ ಎಂದು ನೋಡಿದಾಗ ಹ್ಯಾಟ್‌ಫೀಲ್ಡ್ 11 ಸಲ ಎದ್ದರೆ ಪ್ಲಾಟ್ಜ್ 23 ಸಲ ಎದ್ದರು. ಈಗ ಹೇಳಿ, ಇಬ್ಬರಲ್ಲಿ ಹೆಚ್ಚು ಶಕ್ತಿ ಯಾರಿಗೆ? ಉತ್ತರ ನೀವು ಯಾವ ಅಳತೆಗೋಲು ಹಿಡಿದಿದ್ದೀರಿ ಎಂಬುದನ್ನೇ ಅವಲಂಬಿಸಿದೆ. ಎಂಟರಿಂದ ಇಪ್ಪತ್ತು ರೆಪ್ಸ್ (ಒಂದೇ ಸಮನೆ ಎತ್ತಿಳಿಸುವ ಸಲಗಳು) ನಡುವೆ ವರ್ಷಗಟ್ಟಲೆ ಬೆವರು ಸುರಿಸಿದವನನ್ನು ಒಂದೇ ರೆಪ್‌ನ ತಕ್ಕಡಿಯಲ್ಲಿ ತೂಗುವುದು ದೂರದ ಓಟಗಾರನನ್ನು ನೂರು ಮೀಟರ್ ಓಡಿಸಿ ತೀರ್ಪು ಕೊಟ್ಟಂತೆ.

ಕೀಲು-ಮೂಳೆ, ಧಾರವಾಡ:

ನಾನು ಫಿಸಿಯೋಥೆರಪಿಸ್ಟ್. ಕೆಂಪುಮಟ್ಟಿಯವರು ಹೇಳಿದ ನರಮಂಡಲದ ಕಲಿಕೆಯ ಜೊತೆಗೆ ಇನ್ನೆರಡು ಸಂಗತಿಗಳನ್ನು ಸೇರಿಸಬೇಕೆನಿಸಿತು, ಏಕೆಂದರೆ ಇಬ್ಬರನ್ನು ಹೋಲಿಸುವುದು ಏಕೆ ತಪ್ಪು ಎಂಬುದು ಇವುಗಳಿಂದ ಹೆಚ್ಚು ಸ್ಪಷ್ಟವಾಗುತ್ತದೆ.

ಮೊದಲನೆಯದು ಸನ್ನೆಗೋಲಿನ ಲೆಕ್ಕ. ಬೈಸೆಪ್ಸ್‌ನ ಸ್ನಾಯುರಜ್ಜು ಮುಂಗೈ ಮೂಳೆಯನ್ನು ಹಿಡಿದುಕೊಂಡಿರುವ ಜಾಗ ಮೊಣಕೈಯಿಂದ ಒಬ್ಬರಲ್ಲಿ ನಾಲ್ಕು ಸೆಂಟಿಮೀಟರ್ ದೂರವಿದೆ, ಇನ್ನೊಬ್ಬರಲ್ಲಿ ಐದು ಎಂದುಕೊಳ್ಳಿ. ಅಂಗೈಯಲ್ಲಿರುವ ಡಂಬೆಲ್ ಇಬ್ಬರಲ್ಲೂ ಮೊಣಕೈಯಿಂದ 35 ಸೆಂಟಿಮೀಟರ್ ದೂರದಲ್ಲಿದ್ದರೆ, ಮೊದಲನೆಯವರ ಸ್ನಾಯು ಡಂಬೆಲ್‌ನ ತೂಕದ 8.75 ಪಟ್ಟು ಎಳೆಯಬೇಕು, ಎರಡನೆಯವರದು ಏಳು ಪಟ್ಟು ಎಳೆದರೆ ಸಾಕು. ಇಬ್ಬರ ತೋಳೂ ಅಷ್ಟೇ ದಪ್ಪ, ಸ್ನಾಯುವಿನ ಬಲವೂ ಅಷ್ಟೇ, ಆದರೂ ಎರಡನೆಯವರು ಕಾಲು ಭಾಗ ಹೆಚ್ಚು ತೂಕ ಎತ್ತುತ್ತಾರೆ. ಬೆಂಚ್ ಪ್ರೆಸ್‌ನಲ್ಲೂ ಹೀಗೆಯೇ: ಎದೆ ಉಬ್ಬಿ ಕೈ ಗಿಡ್ಡವಾಗಿರುವವರ ಬಾರ್ 36 ಸೆಂಟಿಮೀಟರ್ ಚಲಿಸಿದರೆ, ಉದ್ದ ಕೈಯವರದು 45 ಸೆಂಟಿಮೀಟರ್ ಚಲಿಸುತ್ತದೆ, ಅದೇ ತೂಕಕ್ಕೆ ಕಾಲು ಭಾಗ ಹೆಚ್ಚು ಕೆಲಸ. ಈ ಅಂತರ ಹುಟ್ಟಿನಿಂದ ಬಂದದ್ದು, ತಿಳಿವಳಿಕೆಯಿಂದಾಗಲಿ ಶ್ರಮದಿಂದಾಗಲಿ ಗಳಿಸಿದ್ದಲ್ಲ.

ಎರಡನೆಯದು ಪ್ರಯೋಗದ ಮಾತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ತರುಣರು ಹತ್ತು ವಾರ ಲೆಗ್ ಎಕ್ಸ್‌ಟೆನ್ಷನ್ (ಕುಳಿತು ಮೊಣಕಾಲು ಚಾಚಿ ಭಾರ ಎತ್ತುವುದು) ಮಾಡಿದರು. ಒಂದೊಂದು ಕಾಲಿಗೆ ಒಂದೊಂದು ವಿಧಾನ. ಗರಿಷ್ಠ ತೂಕದ ಶೇ. 80ರಷ್ಟನ್ನು ಮೂರು ಸೆಟ್ (ಸುತ್ತು) ಮಾಡಿದ ಕಾಲುಗಳಿದ್ದವು, ಬರೀ ಶೇ. 30ರಷ್ಟನ್ನು ಮೂರು ಸೆಟ್ ಮಾಡಿದ ಕಾಲುಗಳೂ ಇದ್ದವು, ಎಲ್ಲದರಲ್ಲೂ ಇನ್ನೊಂದು ರೆಪ್ ಆಗದು ಎನ್ನುವವರೆಗೆ ಮಾಡಬೇಕಿತ್ತು. ತೊಡೆಯ ಸ್ನಾಯುವಿನ ಗಾತ್ರ ಎರಡರಲ್ಲೂ ಹತ್ತಿರಹತ್ತಿರ ಒಂದೇ ಪ್ರಮಾಣದಲ್ಲಿ ಬೆಳೆಯಿತು. ಆದರೆ ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕ ಮಾತ್ರ ಭಾರದ ಗುಂಪಿನಲ್ಲಿ ಹೆಚ್ಚು ಏರಿತು. ಗಾತ್ರ ಒಂದೇ, ಶಕ್ತಿ ಬೇರೆ. ಈ ಫಲಿತಾಂಶವನ್ನು ಮುಂದೆ ಇಟ್ಟುಕೊಂಡ ಮೇಲೆ, ಬಾರ್ ಮೇಲಿನ ತೂಕದಿಂದ ಸ್ನಾಯುವಿನ ಗಾತ್ರವನ್ನು ಊಹಿಸಲು ನನಗೆ ಧೈರ್ಯವಿಲ್ಲ.

ಹಾಗೆಂದು ಕಡಲತಡಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ದೊಡ್ಡ ಸ್ನಾಯುವಿಗೆ ಹೆಚ್ಚು ಬಲ ಹುಟ್ಟಿಸುವ ಸಾಮರ್ಥ್ಯ ಇದ್ದೇ ಇರುತ್ತದೆ. ಒಬ್ಬರೇ ವ್ಯಕ್ತಿ ಮೂರು ವರ್ಷಗಳಲ್ಲಿ ಹತ್ತು ರೆಪ್ಸ್‌ನ ತೂಕವನ್ನು 40ರಿಂದ 70ಕ್ಕೆ ಏರಿಸಿದ್ದರೆ ಅವರ ಸ್ನಾಯು ಬೆಳೆಯದೆ ಉಳಿದಿರುವ ಸಂಭವ ತೀರ ಕಡಿಮೆ. ಕಾಲಾವಧಿ ಉದ್ದವಾದಷ್ಟೂ ಆ ಸಂಖ್ಯೆಯ ಮೇಲೆ ನನ್ನ ನಂಬಿಕೆ ಹೆಚ್ಚುತ್ತದೆ.

ರಾಡ್ ತೂಗಿದವನು, ದಾವಣಗೆರೆ:

ಒಂದು ಸಣ್ಣ ಮಾತು ಸೇರಿಸುತ್ತೇನೆ. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳ ಪುರುಷರ ಬಾರ್ 20 ಕೆ.ಜಿ., ಮಹಿಳೆಯರದು 15. ನಮ್ಮ ಬಡಾವಣೆಯ ಜಿಮ್‌ನಲ್ಲಿರುವ ಐದಡಿಯ ರಾಡನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದರೆ ಏಳೂವರೆ ಕಿಲೋ ಇತ್ತು, ಆದರೆ ಎಲ್ಲರೂ ಅದನ್ನು 20 ಎಂದೇ ಲೆಕ್ಕ ಹಾಕುತ್ತಿದ್ದರು. ಕೇಬಲ್ ಯಂತ್ರದಲ್ಲಿ ಹಗ್ಗ ಚಲಿಸುವ ರಾಟೆಯೊಂದನ್ನು ಸುತ್ತಿ ಬಂದಿದ್ದರೆ, ತೂಕ ಆರಿಸುವ ಪಿನ್ 40ರಲ್ಲಿದ್ದರೂ ಕೈಗೆ ಬರುವುದು 20 ಮಾತ್ರ. ಒಂದು ಜಿಮ್‌ನ ಸಂಖ್ಯೆಯನ್ನು ಇನ್ನೊಂದು ಜಿಮ್‌ಗೆ ಹೊತ್ತುಕೊಂಡು ಹೋಗುವ ಮೊದಲು ಇದನ್ನಾದರೂ ನೋಡಿಕೊಳ್ಳಬೇಕು.

ಐವತ್ತೈದರ ವಿಭಾಗ, ಮಂಗಳೂರು:

ನಾನು ನಾಲ್ಕು ಸಲ ಸ್ಪರ್ಧೆಯ ವೇದಿಕೆ ಹತ್ತಿದ್ದೇನೆ. ವೇದಿಕೆಯ ಮೇಲೆ ಯಾರೂ ಕಬ್ಬಿಣ ಇಟ್ಟಿರುವುದಿಲ್ಲ. ತೀರ್ಪುಗಾರರು ಗಾತ್ರ ನೋಡುತ್ತಾರೆ, ಅಂಗಾಂಗಗಳ ಹೊಂದಾಣಿಕೆ ನೋಡುತ್ತಾರೆ, ಕಟ್ಸ್ (ಸ್ನಾಯುಗಳ ನಡುವೆ ಎದ್ದು ಕಾಣುವ ಗೆರೆಗಳು) ನೋಡುತ್ತಾರೆ, ಪೋಸ್ ಕೊಡುವ ಹಿಡಿತ ನೋಡುತ್ತಾರೆ. ಇಲ್ಲಿ ಇನ್ನೂ ಯಾರೂ ಹೇಳದ ಒಂದು ಸತ್ಯವೆಂದರೆ, ದೇಹದಾರ್ಢ್ಯ ಪಟು ಅತ್ಯಂತ ಚೆನ್ನಾಗಿ ಕಾಣುವ ದಿನ ಅವನು ವರ್ಷದಲ್ಲೇ ಅತ್ಯಂತ ದುರ್ಬಲನಾಗಿರುವ ದಿನಗಳಲ್ಲೊಂದು. ಕಳೆದ ಸಲ ಸ್ಪರ್ಧೆಗೆ ಹತ್ತು ದಿನವಿದ್ದಾಗ, ಮಳೆಗಾಲದಲ್ಲಿ ನಾನು ಎಂಟು ಸಲ ಎತ್ತುತ್ತಿದ್ದ 80 ಕಿಲೋ ಬೆಂಚ್ ಮೂರನೆಯ ಸಲಕ್ಕೇ ಎದೆಯ ಮೇಲೆ ನಿಂತಿತು, ಗೆಳೆಯ ಬಂದು ಎತ್ತಬೇಕಾಯಿತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಿದ್ದೆ. ಅದೇ ವಾರ ಬೆನ್ನಿನ ಕೆಳಗಿನ ಎಳೆಗಳು ನನ್ನ ಜೀವನದಲ್ಲಿ ಮೊದಲ ಸಲ ಕಣ್ಣಿಗೆ ಬಿದ್ದವು.

ಇದು ನನ್ನೊಬ್ಬನ ಅನುಭವವಲ್ಲ. ಔಷಧ ಬಳಸದ ಒಬ್ಬ ದೇಹದಾರ್ಢ್ಯ ಪಟುವನ್ನು ಸ್ಪರ್ಧೆಗೆ ಮೊದಲು ಆರು ತಿಂಗಳು, ನಂತರ ಆರು ತಿಂಗಳು ಹಿಂಬಾಲಿಸಿ ಅಮೆರಿಕದ ಸಂಶೋಧಕರು 2013ರಲ್ಲಿ ವರದಿ ಪ್ರಕಟಿಸಿದ್ದಾರೆ. ಅವನ ದೇಹದ ಕೊಬ್ಬು ಶೇ. 14.8ರಿಂದ 4.5ಕ್ಕೆ ಇಳಿಯಿತು, ಟೆಸ್ಟೊಸ್ಟೆರಾನ್ ಕಾಲು ಭಾಗಕ್ಕೆ ಬಂತು, ಶಕ್ತಿಯೂ ಕುಸಿಯಿತು, ಆರು ತಿಂಗಳ ನಂತರವೂ ಆ ಶಕ್ತಿ ಪೂರ್ತಿ ಮರಳಿರಲಿಲ್ಲ. ಎತ್ತುವ ತೂಕವೇ ಪ್ರಗತಿಯ ಅಳತೆ ಎಂದಾದರೆ, ಆ ಆರು ತಿಂಗಳ ತಪಸ್ಸನ್ನು ಹಿನ್ನಡೆ ಎಂದು ಬರೆಯಬೇಕಾಗುತ್ತದೆ. ಆದರೆ ನಮ್ಮ ವಿದ್ಯೆಯ ಪ್ರಕಾರ ಅದೇ ಅವನ ಮುನ್ನಡೆ. ಆ ದಿನಗಳಲ್ಲಿ ಎತ್ತುವ ತೂಕ ಎಷ್ಟು ಇಳಿಯುತ್ತಿದೆ ಎಂಬುದನ್ನು ನಾನೂ ಕಣ್ಣಿಟ್ಟು ನೋಡುತ್ತೇನೆ. ನಿಧಾನವಾಗಿ ಇಳಿದರೆ ಸರಿ, ಒಂದೇ ವಾರದಲ್ಲಿ ಧೊಪ್ಪನೆ ಬಿದ್ದರೆ ಮಾಂಸಖಂಡವೇ ಕರಗುತ್ತಿದೆ ಎಂಬ ಭಯ.

ಕಡಲತಡಿ ಕಬ್ಬಿಣ, ಕುಂದಾಪುರ:

ಧಾರವಾಡದ ಡಾಕ್ಟ್ರು ಕೊಟ್ಟ ಸನ್ನೆಗೋಲಿನ ಲೆಕ್ಕಕ್ಕೂ ಮಂಗಳೂರಿನವರ ಅನುಭವಕ್ಕೂ ನನ್ನ ಹತ್ತಿರ ಪ್ರತ್ಯುತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಇಬ್ಬರನ್ನು ಹೋಲಿಸುವುದು ತಪ್ಪು. ಆದರೂ ರಾನಿ ಕೋಲ್ಮನ್ ಅವರನ್ನು ಮರೆತು ಈ ಚರ್ಚೆ ಮುಂದುವರಿಯಬಾರದು. 1998ರಿಂದ 2005ರವರೆಗೆ ಸತತ ಎಂಟು ಸಲ ಮಿಸ್ಟರ್ ಒಲಿಂಪಿಯಾ ಆದವರು 800 ಪೌಂಡ್, ಎಂದರೆ 363 ಕೆ.ಜಿ.ಯ ಸ್ಕ್ವಾಟ್ ಎರಡು ಸಲ, ಅಷ್ಟೇ ತೂಕದ ಡೆಡ್‌ಲಿಫ್ಟ್ ಎರಡು ಸಲ ಮಾಡಿದ್ದನ್ನು ನಾವೆಲ್ಲ ವಿಡಿಯೊದಲ್ಲಿ ನೋಡಿದ್ದೇವೆ. ಅವರ ಬೆನ್ನು ಆ ಭಾರವಿಲ್ಲದೆ ಹಾಗೆ ಬೆಳೆಯುತ್ತಿತ್ತೇ? ಫ್ರಾಂಕೊ ಕೊಲಂಬು ಕೂಡ ಪವರ್‌ಲಿಫ್ಟಿಂಗ್‌ನಿಂದ ಬಂದು 1976ರಲ್ಲಿ, 1981ರಲ್ಲಿ ಅದೇ ಪ್ರಶಸ್ತಿ ಗೆದ್ದವರು.

ಕೆಂಪುಮಟ್ಟಿ, ಮೈಸೂರು:

ಕೋಲ್ಮನ್ ಹೆಸರು ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ. ಅವರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅವರಷ್ಟೇ, ಎಂದರೆ ಎಂಟು ಸಲ, 1984ರಿಂದ 1991ರವರೆಗೆ ಅದೇ ಕಿರೀಟ ಹೊತ್ತ ಲೀ ಹೇನಿ ಅವರ ಮಂತ್ರವೇ ಬೇರೆಯಾಗಿತ್ತು. ಸ್ನಾಯುವನ್ನು ಪ್ರಚೋದಿಸಬೇಕು, ನಾಶಮಾಡಬಾರದು ಎಂದು ಅವರು ಇಂದಿಗೂ ಹೇಳುತ್ತಾರೆ. 1992ರಿಂದ 1997ರವರೆಗೆ ಗೆದ್ದ ಡೋರಿಯನ್ ಯೇಟ್ಸ್, ಬಾರ್ ಹೊತ್ತು ಮಾಡುವ ಸ್ಕ್ವಾಟ್ ತಮ್ಮ ಸೊಂಟದ ರಚನೆಗೆ ಹೊಂದುವುದಿಲ್ಲವೆಂದು ಕಂಡುಕೊಂಡು ಯಂತ್ರದಲ್ಲಿ ಮಾಡುವ ಲೆಗ್ ಪ್ರೆಸ್, ಹ್ಯಾಕ್ ಸ್ಕ್ವಾಟ್‌ಗಳ ಕಡೆಗೆ ತಿರುಗಿದರು. ಅವರ ಬಾರ್ ಸ್ಕ್ವಾಟ್ ಎಷ್ಟು ಎಂದು ಕೇಳಿ ಅವರ ತೊಡೆಯ ಬಗ್ಗೆ ತೀರ್ಪು ಕೊಡಲಾದೀತೆ? ಕೋಲ್ಮನ್ ಅವರು ನಂತರ ಬೆನ್ನಿಗೂ ಸೊಂಟಕ್ಕೂ ಹತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಂಡರು. ಆ 800 ಪೌಂಡನ್ನು ಎರಡರ ಬದಲು ನಾಲ್ಕು ಸಲ ಮಾಡಲಿಲ್ಲವೆಂಬುದೇ ತಮ್ಮ ಕೊರಗು ಎಂದು ಅವರು ಹೇಳಿಕೊಂಡಿದ್ದಾರೆ. ಅದು ಅವರ ಬದುಕು, ಅವರ ಆಯ್ಕೆ. ಇಪ್ಪತ್ತರ ಹುಡುಗನಿಗೆ ಆ ದಾರಿಯನ್ನು ತಿಳಿವಳಿಕೆಯ ಹೆಸರಿನಲ್ಲಿ ತೋರಿಸಲು ನನಗೆ ಮನಸ್ಸು ಬರುವುದಿಲ್ಲ.

ಈಗ ತಿಳಿವಳಿಕೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದನ್ನು ಎತ್ತಿದವನು ನಾನೇ. ಗರಡಿಯಲ್ಲಿ ನನಗೆ ಸಾಮು ಕಲಿಸಿದ ಉಸ್ತಾದರಿಗೆ ಆಗ ಎಪ್ಪತ್ತು ವಯಸ್ಸು. ಮಟ್ಟಿಗೆ (ಕುಸ್ತಿಯ ಮಣ್ಣಿನ ಅಂಕಣಕ್ಕೆ) ಇಳಿಯುತ್ತಿರಲಿಲ್ಲ, ಗದೆ ತಿರುಗಿಸುತ್ತಿರಲಿಲ್ಲ, ಅಂಚಿನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ನಾನು ಇನ್ನೂರು ಬಸ್ಕಿ ಹೊಡೆಯುವಾಗ ನೂರ ಮೂವತ್ತರ ಹತ್ತಿರ ಬಲ ಹಿಮ್ಮಡಿ ಏಳುತ್ತಿತ್ತು, ಅದು ನನಗೇ ತಿಳಿದಿರಲಿಲ್ಲ. ಅವರು ಕಟ್ಟೆಯಿಂದ ಇಳಿದು ಬಂದು ಏನೂ ಹೇಳದೆ ನನ್ನ ಹಿಮ್ಮಡಿಯ ಕೆಳಗೆ ಒಂದು ಒಣಗಿದ ಎಲೆ ಇಟ್ಟು, "ಇದು ಹಾರಬಾರದು" ಎಂದು ವಾಪಸು ಹೋದರು. ಒಂದು ತಿಂಗಳಲ್ಲಿ ಮಂಡಿನೋವು ಹೋಯಿತು. ಅವರು ಆ ದಿನ ಎಷ್ಟು ಬಸ್ಕಿ ಹೊಡೆಯಬಲ್ಲವರಾಗಿದ್ದರು ಎಂದು ಯಾವ ಶಿಷ್ಯನೂ ಕೇಳಲಿಲ್ಲ. ಅವರ ವಿದ್ಯೆ ಶಿಷ್ಯರ ಮೈಯಲ್ಲಿ ಕಾಣುತ್ತಿತ್ತು.

ಕುಂದಾಪುರದ ತಮ್ಮ, ನಿನ್ನನ್ನು ಕೆಡಿಸಿದ ತರಬೇತುದಾರನ ವಿಷಯದಲ್ಲಿ ನಿನ್ನ ಮಾತು ಅರ್ಧ ಸರಿ. ಒಂದು ಕಾಲದಲ್ಲಿಯಾದರೂ ಭಾರ ಹೊತ್ತ ಅನುಭವ ಗುರುವಿಗೆ ಇರಬೇಕು, ಇದನ್ನು ನಾನು ಒಪ್ಪುತ್ತೇನೆ. ನನ್ನ ಉಸ್ತಾದರಿಗೂ ಅದು ಇತ್ತು. ಆದರೆ ಆ ತರಬೇತುದಾರ ನೂರಲ್ಲ, ಇನ್ನೂರು ಎತ್ತುವವನಾಗಿದ್ದು, ಬಾರ್ ಜಾರುವುದನ್ನು ನೋಡಿಯೂ ತನ್ನ ಮೈಗೆ ಒಗ್ಗಿದ್ದನ್ನೇ ನಿನ್ನ ಮೈಗೆ ಹೇರಿದ್ದರೆ ನಿನ್ನ ನಡು ಉಳಿಯುತ್ತಿತ್ತೇ? ಅವನ ತಪ್ಪು ಕಣ್ಣಿನದು. ಪ್ರತಿ ಸಲವೂ ನಿನ್ನ ನಡುವೇ ಹೊರೆ ಹೊರುತ್ತಿದ್ದರೂ ವಿಧಾನ ಬದಲಿಸದಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು.

ವಿನ್ಸ್ ಜಿರೊಂಡಾ ಎಂಬ ಅಮೆರಿಕದ ತರಬೇತುದಾರರು, 1965ರ ಮೊದಲ ಮಿಸ್ಟರ್ ಒಲಿಂಪಿಯಾ ಲ್ಯಾರಿ ಸ್ಕಾಟ್ ಅವರನ್ನು ತಯಾರು ಮಾಡಿದವರು, ಭಾರ ಹೊತ್ತ ಸ್ಕ್ವಾಟ್ ಸೊಂಟವನ್ನು ಅಗಲಿಸುತ್ತದೆ ಎಂದು ಅದನ್ನು ದೂರವಿಟ್ಟಿದ್ದರು. ಆ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಆದರೂ ಯಾವ ಕೋನದಲ್ಲಿ ಯಾವ ಸ್ನಾಯು ದುಡಿಯುತ್ತದೆ ಎಂದು ಕಾಣುವ ಕಣ್ಣು ಅವರಿಗಿತ್ತು, ಅದಕ್ಕೆ ಅವರ ಶಿಷ್ಯರೇ ಸಾಕ್ಷಿ. ನಮ್ಮ ಬೆಂಗಳೂರಿನ ಕೆ.ವಿ. ಅಯ್ಯರ್ ಅವರೂ ಹಾಗೆಯೇ ನನಗೆ ಆದರ್ಶ. ಕನ್ನಡದಲ್ಲಿ ಕಾದಂಬರಿ ಬರೆದ ಅದೇ ಅಯ್ಯರ್, ಸ್ವಾತಂತ್ರ್ಯಕ್ಕೆ ಮೊದಲೇ ವ್ಯಾಯಾಮಶಾಲೆ ನಡೆಸಿ, ಬಾರ್ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿ, ಅಂಚೆಯ ಮೂಲಕವೂ ಪಾಠ ಕಳುಹಿಸುತ್ತಿದ್ದರು. ಅಂಚೆಯಲ್ಲಿ ಪಾಠ ಪಡೆದವನು ಗುರು ಎತ್ತುವುದನ್ನು ನೋಡಿರಲು ಸಾಧ್ಯವೇ ಇಲ್ಲ. ಬರೆದದ್ದು ತನ್ನ ಮೈಯಲ್ಲಿ ನಿಜವಾಗುತ್ತಿದೆಯೇ ಎಂಬುದೊಂದೇ ಅವನ ಕೈಯಲ್ಲಿದ್ದ ಪರೀಕ್ಷೆ.

ಕೃಷ್ಣೆಯ ದಂಡೆ, ಬಾಗಲಕೋಟೆ:

ನಮ್ಮ ಕಡೆ ಜಾತ್ರೆಗಳಲ್ಲಿ ಭಾರದ ಗುಂಡುಕಲ್ಲು ಎತ್ತುವವರನ್ನು ನೋಡಿ ಬೆಳೆದವನು ನಾನು. ಗೆದ್ದವರಲ್ಲಿ ಎಷ್ಟೋ ಜನರ ಮೈ ನೋಡಿದರೆ ಹೊಲದಲ್ಲಿ ದುಡಿಯುವ ಸಾಮಾನ್ಯ ರೈತರಂತೆಯೇ ಇರುತ್ತದೆ. ಅವರ ಪಕ್ಕದಲ್ಲಿ ನಿಂತ ಜಿಮ್ ಹುಡುಗರು ಆ ಕಲ್ಲನ್ನು ಮೊಣಕಾಲಿನ ಮೇಲಕ್ಕೂ ತರಲಾರರು. ಕಲ್ಲಿಗೆ ಹಿಡಿಕೆಯಿಲ್ಲ, ಅಪ್ಪಿ ಹಿಡಿಯುವುದೇ ಒಂದು ಕಲೆ. ಕೆಂಪುಮಟ್ಟಿಯವರ ಮಾತಿಗೆ ನನ್ನ ಒಪ್ಪಿಗೆಯಿದೆ.

ಕೀಲು-ಮೂಳೆ, ಧಾರವಾಡ:

ತುಂಗೆಯವರಿಗೆ ಕೆಲಸಕ್ಕೆ ಬರುವಂಥದ್ದನ್ನು ಯಾರೂ ಇನ್ನೂ ಪೂರ್ತಿಯಾಗಿ ಹೇಳಿಲ್ಲ. ಐದಾರು ವ್ಯಾಯಾಮಗಳನ್ನು ಆರಿಸಿಕೊಂಡು ಆರು ವಾರ ಬದಲಿಸಬೇಡಿ. ಗರಿಷ್ಠ ತೂಕವನ್ನು ಪರೀಕ್ಷಿಸಲು ಹೋಗಬೇಡಿ. ಎಂಟರಿಂದ ಹನ್ನೆರಡು ರೆಪ್ಸ್‌ನ ನಡುವೆ ಒಂದು ತೂಕ ಹಿಡಿದು, ಹನ್ನೆರಡು ಮುಟ್ಟಿದಾಗ ಮಾತ್ರ ತೂಕ ಏರಿಸಿ. ತೊಡೆ, ಸೊಂಟ, ತೋಳುಗಳನ್ನು ಎರಡು ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಪೆನ್ನಿನಿಂದ ಗುರುತು ಹಾಕಿದ ಅದೇ ಜಾಗದಲ್ಲಿ ಅಳೆಯಿರಿ. ತೂಕಗಳೂ ಅಳತೆಗಳೂ ಒಂದೇ ನೋಟ್‌ಬುಕ್‌ನಲ್ಲಿ ಅಕ್ಕಪಕ್ಕ ಇರಲಿ, ಆಗ ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತದೆ.

ತುಂಗೆ, ಹೊಸಪೇಟೆ:

ಎಲ್ಲರಿಗೂ ನಮಸ್ಕಾರ. ಧಾರವಾಡದ ಸರ್ ಹೇಳಿದಂತೆ ಆರು ವಾರ ಬರೆದಿಟ್ಟೆ. ರೊಮೇನಿಯನ್ ಡೆಡ್‌ಲಿಫ್ಟ್ (ಮಂಡಿ ಹೆಚ್ಚು ಮಡಿಸದೆ ಸೊಂಟದಿಂದ ಬಾಗಿ ಎತ್ತುವುದು) 30 ಕೆ.ಜಿ.ಗೆ 8 ರೆಪ್ಸ್ ಇದ್ದದ್ದು 32.5 ಕೆ.ಜಿ.ಗೆ 11 ಆಯಿತು. ಲ್ಯಾಟ್ ಪುಲ್‌ಡೌನ್ (ಮೇಲಿನ ಕಂಬಿಯನ್ನು ಎದೆಯ ಕಡೆಗೆ ಎಳೆಯುವುದು) 25ಕ್ಕೆ 9 ಇದ್ದದ್ದು 25ಕ್ಕೆ 12. ಸ್ಕ್ವಾಟ್ ಮಾತ್ರ 40ರಲ್ಲೇ ಇದೆ, ಆದರೆ ಮೊದಲು ಅರ್ಧಕ್ಕೆ ನಿಲ್ಲಿಸುತ್ತಿದ್ದೆ, ಈಗ ತೊಡೆ ನೆಲಕ್ಕೆ ಸಮನಾಗುವಷ್ಟು ಇಳಿಯುತ್ತೇನೆ. ತೊಡೆ 49ರಿಂದ 50 ಸೆಂಟಿಮೀಟರ್, ಸೊಂಟ ಇದ್ದಷ್ಟೇ ಇದೆ, ಮೈತೂಕ 48.6. ದಾವಣಗೆರೆಯವರ ಮಾತು ಓದಿ ನಮ್ಮ ಜಿಮ್‌ನ ಬಾರನ್ನೂ ತೂಗಿಸಿದೆ, 15 ಎಂದು ಬರೆಯುತ್ತಿದ್ದದ್ದು 12 ಕೆ.ಜಿ. ಇತ್ತು. ಆದ್ದರಿಂದ ಮೇಲಿನ ಸ್ಕ್ವಾಟ್, ಡೆಡ್‌ಲಿಫ್ಟ್ ಲೆಕ್ಕದಲ್ಲೆಲ್ಲ ಮೂರು ಕಿಲೋ ಕಳೆದುಕೊಳ್ಳಿ.

ಕಡಲತಡಿ ಕಬ್ಬಿಣ, ಕುಂದಾಪುರ:

ತಂಗಿ, ಸ್ಕ್ವಾಟ್‌ನ ಆಳ ಹೆಚ್ಚಿಸಿ ಅದೇ ತೂಕ ಉಳಿಸಿಕೊಂಡದ್ದು ದೊಡ್ಡ ಮುನ್ನಡೆ, ಅದನ್ನು ಸಣ್ಣದೆಂದು ತಿಳಿಯಬೇಡ. ಡೆಡ್‌ಲಿಫ್ಟ್‌ನಲ್ಲಿ 11ನೆಯ ರೆಪ್‌ಗೆ ನಿಂತದ್ದು ತೊಡೆಯ ಹಿಂಭಾಗ ಸೋತಿದ್ದಕ್ಕೋ, ಹಿಡಿತ ಜಾರಿದ್ದಕ್ಕೋ? ಹಿಡಿತಕ್ಕೆ ನೆರವಾಗುವ ಪಟ್ಟಿಯನ್ನು ಕೈಗೆ ಕಟ್ಟಿಕೊಂಡಿದ್ದೆಯಾ?

ತುಂಗೆ, ಹೊಸಪೇಟೆ:

ಪಟ್ಟಿ ಇರಲಿಲ್ಲ ಅಣ್ಣ, ಹಿಡಿತವೇ ಜಾರಿದ್ದು. ನಾಳೆಯಿಂದ ಕೊನೆಯ ಸೆಟ್‌ಗೆ ಪಟ್ಟಿ ಕಟ್ಟಿ, ನೋಟ್‌ಬುಕ್‌ನಲ್ಲಿ ಅದಕ್ಕೆ ಬೇರೆ ಸಾಲು ಹಾಕುತ್ತೇನೆ.